ಟಿಎಂಸಿ ಲೆಕ್ಕಕ್ಕೆ ಸಿಗದ ಮಡು

ಮಾರ್ಚ್ ತಿಂಗಳಲ್ಲೊಂದು ಬೆಳಿಗ್ಗೆ ಕೊಡಗಿನ ದುಬಾರೆಯಿಂದ ಸ್ವಲ್ಪ ಕೆಳಗೆ, ಕಾವೇರಿಯ ದಂಡೆಯಲ್ಲಿ, ಕಾಫಿ ಬೆಳೆಗಾರರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: ‘ಮೀನಿಗೆ ನೀವಿದ್ದೀರಿ. ನನ್ನ ಕಾಫಿ ಹೂವಿಗೆ ಯಾರಿದ್ದಾರೆ, ಸರ್?’ ಅವರ ಬೆನ್ನ ಹಿಂದೆ ಡೀಸೆಲ್ ಪಂಪ್ ಗುಡುಗುಡಿಸುತ್ತಿತ್ತು. ಹೂ ಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್‌ನಿಂದ ಒಂದು ಇಂಚಾದರೂ ನೀರು ಬೀಳದಿದ್ದರೆ ಮುಂದಿನ ಫಸಲನ್ನು ಮರೆಯಬೇಕು. ಪ್ರಶ್ನೆ ನ್ಯಾಯವಾದದ್ದೇ. ನದಿ ಮೀನುಗಳ ಅಧ್ಯಯನವೇ ನನ್ನ ಕೆಲಸವಾದರೂ ಬೆಳಗಿನ ಕಾಫಿ ನನಗೂ ಬೇಕು.

ಉತ್ತರವಾಗಿ ಒಂದು ಲೆಕ್ಕ ಹಾಕಿ ತೋರಿಸಿದೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು ಒಂದು ಲಕ್ಷ ಲೀಟರ್. ಒಂದು ಟಿಎಂಸಿಯೆಂದರೆ 2,800 ಕೋಟಿ ಲೀಟರ್‌ಗಿಂತ ಹೆಚ್ಚು. ಹಾರಂಗಿ ಜಲಾಶಯದ ಸಾಮರ್ಥ್ಯ ಸುಮಾರು 8.5 ಟಿಎಂಸಿ. ಅದರ ಮುಂದೆ ಒಂದು ತೋಟದ ನೀರು ಲೆಕ್ಕಕ್ಕೇ ಬಾರದು. ಆದರೆ ನೂರು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಮಡುವಿನಲ್ಲಿ ಇರುವುದು ಅರವತ್ತು ಲಕ್ಷ ಲೀಟರ್ ಮಾತ್ರ. ಹರಿವು ನೂಲಿನಂತಾದ ಬೇಸಿಗೆಯಲ್ಲಿ ಅರವತ್ತು ಎಕರೆ ತೋಟವೊಂದು ಒಂದೇ ಸುತ್ತಿನಲ್ಲಿ ಅದನ್ನು ಖಾಲಿ ಮಾಡಬಲ್ಲದು.

ದೊಡ್ಡ ಮಹಶೀರ್ ಮೀನುಗಳು ಬೇಸಿಗೆ ಕಳೆಯುವುದು ಇಂಥ ಮಡುಗಳಲ್ಲಿಯೇ. ಅವುಗಳಲ್ಲಿ ಕಿತ್ತಳೆ ಈಜುರೆಕ್ಕೆಯ ಡುಬ್ಬದ ಮಹಶೀರ್ ಕಾವೇರಿ ಕೊಳ್ಳವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ ಒಂದು 120 ಪೌಂಡ್ ತೂಗಿತ್ತು. ಬೇಟೆಗಾರರ ನಡುವೆ ಅಷ್ಟು ಹೆಸರು ಮಾಡಿದ್ದ ಈ ಡುಬ್ಬದ ಮೀನು ‘ಟಾರ್ ರೆಮಾದೇವಿ’ ಎಂಬ ಪ್ರಭೇದವೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣದ ದಿನವೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋದ ಕೂಸಿನ ಹಾಗೆ.

ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಪರಿಸರಕ್ಕೆಂದು 10 ಟಿಎಂಸಿ ಮೀಸಲಿಟ್ಟಿತು. ಒಳ್ಳೆಯದೇ. ಆದರೆ ಅದು ವರ್ಷದ ಮೊತ್ತ. ಮೀನಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ನೀರು. ಮುಂಗಾರಿನ ಕೆಂಪು ನೀರು ಏರಿದಾಗ ಮಹಶೀರ್ ಹೊಳೆಯ ಮೇಲ್ಭಾಗಕ್ಕೆ ಹತ್ತಿ, ನುಣುಪು ಕಲ್ಲುಗಳ ಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ಅಣೆಕಟ್ಟೆಯ ಗೋಡೆ ಆ ದಾರಿಯನ್ನು ಕಡಿಯುತ್ತದೆ. ಕಟ್ಟೆಯ ಕೆಳಗಾದರೆ ಇನ್ನೊಂದು ಪಾಡು: ಗೇಟ್ ಒಮ್ಮೆಲೇ ತೆರೆದರೆ ಮರಿಗಳು ಕೊಚ್ಚಿಹೋಗುತ್ತವೆ, ಒಮ್ಮೆಲೇ ಇಳಿಸಿದರೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕಿಕೊಂಡು ಬಿಸಿಲಿಗೆ ಸಾಯುತ್ತವೆ. ಪ್ರವಾಹ ನಿಯಂತ್ರಣದ ತುರ್ತಿಲ್ಲದ ದಿನಗಳಲ್ಲಿ ಹಂತಹಂತವಾಗಿ, ಕೆಲವು ಗಂಟೆ ಹೆಚ್ಚು ತೆಗೆದುಕೊಂಡು ಗೇಟ್ ಇಳಿಸಿದರೆ ನಾಲೆಯ ರೈತರಿಗೆ ಹೇಳಿಕೊಳ್ಳುವಂಥ ನಷ್ಟವೇನಿಲ್ಲ.

2018ರ ಮಹಾಮಳೆಯ ನಂತರ ಹೊಳೆಯ ಹೂಳೆತ್ತಬೇಕೆಂಬ ಕೂಗು ಜೋರಾಗಿದೆ. ಮನೆಗೆ ನೀರು ನುಗ್ಗಿಸಿಕೊಂಡವರಿಗೆ ನಾನು ಬುದ್ಧಿ ಹೇಳಲಾರೆ. ಆದರೆ ಯಂತ್ರ ಬಾಚುವುದು ಹೂಳನ್ನಷ್ಟೇ ಅಲ್ಲ, ಮೊಟ್ಟೆಯ ಹಾಸಿಗೆಯಾದ ಕಲ್ಲನ್ನೂ. ಯಾವ ತಿರುವಿನಲ್ಲಿ ಕೆಸರಿದೆ, ಯಾವುದರಲ್ಲಿ ಕಲ್ಲಿದೆ ಎಂದು ಮೊದಲು ಗುರುತಿಸಲು ಒಂದು ವಾರ ಸಾಕು.

ಬೇರೆಡೆ ಸಾಕಿದ ಮೀನುಮರಿಗಳನ್ನು ಹೊಳೆಗೆ ಬಿಡುವುದನ್ನಂತೂ ಪರಿಹಾರವೆಂದು ನಾನು ಒಪ್ಪುವುದಿಲ್ಲ. ಮಹಾರಾಷ್ಟ್ರದ ಲೋನಾವಲಾದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಹಿಂದೆ ಕಾವೇರಿಗೆ ತಂದು ಬಿಟ್ಟರು, ಮೀನು ಉಳಿಸುವ ಉದ್ದೇಶದಿಂದಲೇ. ಅವು ಚೆನ್ನಾಗಿ ಬೆಳೆದವು. ಇಲ್ಲಿಯದು ಕಣ್ಮರೆಯಾಗುತ್ತ ಬಂತು. ‘ಮಹಶೀರ್ ಹೆಚ್ಚಿದೆ’ ಎನ್ನುವ ಸುದ್ದಿ ಓದಿದಾಗ ನಾನು ಮೊದಲು ನೋಡುವುದು ಫೋಟೋದಲ್ಲಿ ರೆಕ್ಕೆಯ ಬಣ್ಣವನ್ನು.

ಬೆಳೆಗಾರರು ಲೆಕ್ಕ ಕೇಳಿ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಮಳೆಗಾಲದಲ್ಲಿ ತುಂಬುವ ಕೆರೆಯೊಂದನ್ನು ತೋಟದೊಳಗೆ ತೋಡಿಸಿ, ಹೂವಿಗೆ ಅದರಿಂದಲೇ ನೀರು ಕೊಡಿ ಎಂದಿದ್ದೆ. ಒಂದು ಎಕರೆ ಗದ್ದೆ ಹೋಗುತ್ತದಲ್ಲ ಎಂದು ಗೊಣಗಿದರು. ಮರುವರ್ಷ ಕೆರೆ ಆಗಿತ್ತು. ತೋಟದ ಮೇಲಿನ ಭಾಗಕ್ಕೆ ಅದರ ನೀರು ಸಾಲದು ಎಂದು ಪಂಪ್ ಒಂದು ಹೊಳೆಯಲ್ಲೇ ಉಳಿದಿತ್ತು. ಆದರೆ ಮಡುವಿನಿಂದ ತೆಗೆದು, ಇನ್ನೂ ಹರಿವಿರುವ ಕಡೆ, ಮೀನುಮರಿ ಒಳಗೆ ಹೋಗದಂತೆ ಫುಟ್‌ವಾಲ್ವ್‌ಗೆ ಸೊಳ್ಳೆಪರದೆ ಸುತ್ತಿ ಇಳಿಬಿಟ್ಟಿದ್ದರು.