ಪಾಠ ಮಾಡುವವರೇ ಸಂಶೋಧಕರಾದಾಗ: ವೈದ್ಯ ಶಿಕ್ಷಣ ಸಂಶೋಧನೆಯ ಹಿನ್ನೆಲೆ

ಎಂಬಿಬಿಎಸ್ ಪಾಠ ಹೇಗಿರಬೇಕು ಅಂತ ಸಂಶೋಧನೆ ಮಾಡುವವರಿಗೆ ಈಗ ಹೊಸ ಪ್ರಶ್ನೆ ಎದುರಾಗಿದೆ. ತಾವು ಯಾರು, ವಿದ್ಯಾರ್ಥಿಗಳ ಮೇಲೆ ತಮಗೆಷ್ಟು ಅಧಿಕಾರವಿದೆ ಅನ್ನುವುದನ್ನೂ ಅವರು ಬರೆಯಬೇಕಾ?

1970ರ ದಶಕದಲ್ಲಿ ಪುದುಚೇರಿಯ ಕೇಂದ್ರ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಪ್ಮರ್‌ನಲ್ಲಿ ವೈದ್ಯ ಶಿಕ್ಷಕರ ತರಬೇತಿ ಶುರುವಾಯಿತು. ಆಮೇಲೆ ಕಾಲೇಜುಗಳಲ್ಲೂ ಶಿಕ್ಷಕರಿಗೆ ತರಬೇತಿ ಕೊಡುವ ಶಿಕ್ಷಣ ಘಟಕಗಳು ಬಂದವು. ಚರ್ಚೆ ಜಾಸ್ತಿ ನಡೆದದ್ದು ಪಾಠದ ವಿಧಾನದ ಸುತ್ತಲೇ.

2006ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯದ ದೂರುಗಳನ್ನು ನೋಡಲು ಕೇಂದ್ರ ಸರ್ಕಾರ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ನೇತೃತ್ವದಲ್ಲಿ ಸಮಿತಿ ಮಾಡಿತು. 2007ರ ಅದರ ವರದಿಯಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಹಾಸ್ಟೆಲ್, ತರಗತಿ, ಪರೀಕ್ಷೆಯಲ್ಲಿ ತಮಗಾದ ಅನುಭವ ಹೇಳಿಕೊಂಡಿದ್ದರು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಆದರೆ ಈ ಮಾತುಗಳು ದಾಖಲಾಗಿದ್ದು ಹೊರಗಿನವರು ಬಂದು ಕೇಳಿದಾಗ. ಇದು ಸಣ್ಣ ವಿಷಯವಲ್ಲ.

2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ, ಅಂದರೆ ಓದಿದ್ದನ್ನು ಮಾಡಿ ತೋರಿಸುವುದಕ್ಕೆ ಒತ್ತು ಕೊಡುವ ಪಠ್ಯಕ್ರಮ, ಬಂತು. ಮೊದಲ ವರ್ಷಕ್ಕೆ ಫೌಂಡೇಶನ್ ಕೋರ್ಸ್, ರೋಗಿಗಳೊಡನೆ ಮಾತಾಡುವ ರೀತಿಗೆ ಏಟ್‌ಕಾಮ್ ತರಗತಿ, ಎಲ್ಲವೂ ಹೊಸದು. ಹೊಸದು ಬಂದಾಗ ಅದು ಫಲ ಕೊಟ್ಟಿತಾ ಅಂತ ನೋಡಲೇಬೇಕು. ಇನ್ನೊಂದು ಕಡೆ ಶಿಕ್ಷಕರ ಬಡ್ತಿಗೆ ಪ್ರಕಟಿತ ಲೇಖನಗಳು ಬೇಕು. ಕೈಗೆ ಸುಲಭವಾಗಿ ಸಿಗುವವರು ತಮ್ಮದೇ ತರಗತಿಯ ಮಕ್ಕಳು. ತರಗತಿ ಮುಗಿದ ಕೂಡಲೇ ಫೀಡ್‌ಬ್ಯಾಕ್ ಫಾರಂ ಹಂಚುತ್ತಾರೆ. ಹೆಸರು ಬರೆಯಬೇಕಿಲ್ಲ ಅನ್ನುತ್ತಾರೆ. ಆದರೆ ಇಂಟರ್ನಲ್ಸ್ ಮಾರ್ಕ್ಸ್ ಕೊಡುವವರೇ ಎದುರಿಗೆ ನಿಂತಿರುವಾಗ 'ಪಾಠ ಅರ್ಥವಾಗಲಿಲ್ಲ' ಅಂತ ಬರೆಯಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ಪಿಯುಸಿವರೆಗೆ ಕನ್ನಡದಲ್ಲೇ ಯೋಚಿಸಿ, ಇಂಗ್ಲಿಷ್‌ನಲ್ಲಿ ಅನಾಟಮಿ ಓದಲು ಒದ್ದಾಡುವ ಹುಡುಗಿಯ ಕಷ್ಟ ಇಡೀ ತರಗತಿಯ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಶಿಕ್ಷಕರ ಉದ್ದೇಶ ಒಳ್ಳೆಯದೇ ಇರಬಹುದು. ತೊಂದರೆ ಇರುವುದು ಪ್ರಶ್ನೆ ಕೇಳುವವರ ಸ್ಥಾನದಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ವಿದ್ಯಾರ್ಥಿಗಳಂಥ ಅಧೀನ ಸ್ಥಾನದವರಿಗೆ ವಿಶೇಷ ರಕ್ಷಣೆ ಬೇಕು ಅನ್ನುತ್ತದೆ. ಸಂದರ್ಶನ ಆಧಾರಿತ ಅಧ್ಯಯನಗಳಲ್ಲಿ ಸಂಶೋಧಕರು ತಮ್ಮ ಸ್ಥಾನ ಹೇಳಿಕೊಳ್ಳುವ ರೂಢಿಯೂ ಬೆಳೆದಿದೆ. ಆದರೆ 'ನಾನು ಇದೇ ವಿಭಾಗದ ಪ್ರಾಧ್ಯಾಪಕ' ಅಂತ ಒಂದು ಸಾಲು ಸುಮ್ನೆ ಸೇರಿಸಿದರೆ ಸಾಲದು. ಆ ಸ್ಥಾನದಿಂದ ಉತ್ತರಗಳು ಹೇಗೆ ಬದಲಾಗಿರಬಹುದು ಅನ್ನುವುದನ್ನೂ ಬರೆಯಬೇಕು. ಮಾರ್ಕ್ಸ್‌ಗೆ ಸಂಬಂಧವಿಲ್ಲದವರು ಸಂದರ್ಶನ ಮಾಡಬೇಕು. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದವರ ಉತ್ತರಗಳನ್ನು ಬೇರೆಯಾಗಿಯೂ ನೋಡಬೇಕು. ಪ್ರಶ್ನಾವಳಿ ತಯಾರಿಸುವಾಗಲೇ ಅವರಲ್ಲಿ ಕೆಲವರನ್ನು ಜೊತೆಗೆ ಕೂರಿಸಿಕೊಳ್ಳಬೇಕು.