ಪಾಲೆ ಕಷಾಯದಿಂದ ಪರೇಲಿನವರೆಗೆ

ಆಷಾಢದ ಆಟಿ ಅಮಾವಾಸ್ಯೆಯ ಬೆಳಗ್ಗೆ ಮುಂಬಯಿ ಸುತ್ತಿನ ಗೋರೆಗಾಂವ್, ಥಾಣೆ, ಡೊಂಬಿವಲಿ ಕಡೆಯ ತುಳು-ಕನ್ನಡಿಗರ ಮನೆಗಳಲ್ಲಿ ಚಹಾಕ್ಕಿಂತ ಮೊದಲು ಹೊಟ್ಟೆ ಸೇರುವುದು ಪಾಲೆ ಕಷಾಯ. ಸೂರ್ಯ ಹುಟ್ಟುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ಎಬ್ಬಿಸಬೇಕು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ರಸ ಹಿಂಡಬೇಕು. ಕೆಂಡದಲ್ಲಿ ಕಾದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ ಚುಂಯ್ ಎನಿಸಬೇಕು. ಫ್ಲ್ಯಾಟಿನಲ್ಲಿ ಕೆಂಡ ಎಲ್ಲಿಂದ ಬರಬೇಕು, ಗ್ಯಾಸಿನ ಉರಿಯ ಮೇಲೇ ಕಲ್ಲು ಕಾಯುತ್ತದೆ. ಅಷ್ಟೂ ಆಗದವರಿಗೆ ಸಂಘದವರು ಬಾಟಲಿಯಲ್ಲಿ ತುಂಬಿಸಿ ಕೊಡುತ್ತಾರೆ. ಕಹಿಗೆ ಮುಖ ಕಿವುಚಿದ ಮೇಲೆ ಮೆಂತ್ಯದ ಗಂಜಿ. ಮರಕ್ಕೂ ಇಲ್ಲಿ ಬರವಿಲ್ಲ. ಮರಾಠಿಯವರು ಸಾತ್ವಿಣ್ ಎನ್ನುವ ಅದೇ ಮರ ಮುಂಬಯಿಯ ಎಷ್ಟೋ ರಸ್ತೆಗಳ ಬದಿಯಲ್ಲಿದೆ. ಮಳೆ ಮುಗಿದು ಅದು ಹೂ ಬಿಟ್ಟಾಗ ಆ ಘಾಟಿಗೆ ತಲೆನೋವೆಂದು ಕಿಟಕಿ ಮುಚ್ಚುವವರೂ ಇದ್ದಾರೆ.

ಈ ಕಷಾಯ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯದು ಎಂಬುದು ಹಿರಿಯರ ಮಾತು. ಅದಕ್ಕೆ ನಮ್ಮಲ್ಲಿ ಎರಡೇ ಉತ್ತರ. ಅಜ್ಜಿ ಮದ್ದಿನ ಮುಂದೆ ಇಂಗ್ಲಿಷ್ ಮದ್ದು ಯಾವ ಲೆಕ್ಕ ಎನ್ನುವವರು ಒಂದು ಕಡೆ, ಇದೆಲ್ಲ ಮೂಢನಂಬಿಕೆ ಎನ್ನುವವರು ಇನ್ನೊಂದು ಕಡೆ. ನಮಗೆ ಒಗ್ಗದ ಮಾತಿಗೂ ಕಿವಿಗೊಟ್ಟು ಪರೀಕ್ಷಿಸಿ ನೋಡಬೇಕು ಎನ್ನುವುದು ನನ್ನ ವಾದ, ಇವರಿಬ್ಬರೂ ಮರವನ್ನು ನೋಡಿದವರಲ್ಲ.

ನೋಡಿದವರು ಬೇರೆ ಇದ್ದರು. ಮಲೇರಿಯಾಕ್ಕೆ ಕ್ವಿನೈನಿನ ಬದಲು ಈ ತೊಗಟೆ ನಡೆದೀತೇ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ವೈದ್ಯರು ಬಹಳ ಆಸೆ ಇಟ್ಟುಕೊಂಡಿದ್ದರು. ಅದರಿಂದ ಎಕಿಟಮೈನ್ ಎಂಬ ಆಲ್ಕಲಾಯ್ಡನ್ನೂ, ಅಂದರೆ ಸಸ್ಯದೊಳಗಿನ ಒಂದು ಬಗೆಯ ಸತ್ವವನ್ನೂ, ಬೇರ್ಪಡಿಸಿದರು. ಆದರೆ ಕ್ವಿನೈನಿನ ಹತ್ತಿರಕ್ಕೂ ಅದು ಬರಲಿಲ್ಲ. ಒಂದು ಲೋಟ ಕಷಾಯ ಒಂದು ವರ್ಷ ಕಾಯುವುದಕ್ಕೆ ಶರೀರದಲ್ಲಿ ಯಾವ ದಾರಿಯೂ ಕಂಡಿಲ್ಲ. ಅಪಾಯವೊಂದು ಮಾತ್ರ ಖಚಿತ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಲೋಟದಲ್ಲಿರುವುದು ಸ್ಟ್ರಿಕ್ನಿನ್, ಮೈಯೆಲ್ಲ ಸೆಟೆದು ಉಸಿರು ಕಟ್ಟಿಸುವ ವಿಷ. ಸಂಪ್ರದಾಯವೆಂದು, ರುಚಿಯ ನೆನಪೆಂದು ಮರ ಗೊತ್ತಿದ್ದವರು ತಂದ ತೊಗಟೆಯ ಕಷಾಯ ಕುಡಿಯಿರಿ, ಲಸಿಕೆ ಎಂದುಕೊಂಡು ಬೇಡ.

ಅಲ್ಲಿಗೆ ಕೈತೊಳೆದುಕೊಂಡರೆ ನಷ್ಟ ನಮ್ಮದೇ. ಹಾಲೆಯದು ಕಣಗಿಲೆಯ ಕುಟುಂಬ. ಇಷ್ಟೊಂದು ವಿಷವನ್ನೂ ಇಷ್ಟೊಂದು ಮದ್ದನ್ನೂ ಒಟ್ಟಿಗೆ ಇಟ್ಟುಕೊಂಡ ಸಸ್ಯಕುಟುಂಬಗಳು ಕಡಿಮೆ. ಹೆದ್ದಾರಿಯ ನಡುವೆ ನೆಡುವ ಕಣಗಿಲೆ ಹೃದಯ ನಿಲ್ಲಿಸಬಲ್ಲದು. ಬಾಲ್ಕನಿಯ ಕುಂಡದಲ್ಲಿ ಅರಳುವ ನಿತ್ಯಪುಷ್ಪವೂ ಇದೇ ಬಳಗ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಅದರ ಎಲೆ ಕುದಿಸಿ ಕುಡಿಯುತ್ತಿದ್ದರು. ಆ ಎಲೆ 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಅವರ ಪ್ರಯೋಗಾಲಯ ತಲುಪಿತು. ಇಲಿಗಳಿಗೆ ಕುಡಿಸಿದರೆ ರಕ್ತದ ಸಕ್ಕರೆ ಅಲುಗಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು, ಬಿಳಿ ರಕ್ತಕಣಗಳು ಇಳಿದುಹೋಗಿದ್ದವು. ಬಿಳಿ ಕಣಗಳು ಹದ್ದುಮೀರಿ ಹೆಚ್ಚುವ ರಕ್ತಕ್ಯಾನ್ಸರಿಗೆ ಇದೇ ಅಲ್ಲವೇ ಬೇಕಾದದ್ದು? ವಿನ್‌ಬ್ಲಾಸ್ಟಿನ್ ಬಂತು, ಹಿಂದೆಯೇ ವಿನ್‌ಕ್ರಿಸ್ಟಿನ್ ಬಂತು. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಬೇಕೇ ಬೇಕು. ಜನರ ಮಾತು ಸುಳ್ಳಾಯಿತು, ಮಾತಿನ ಬೆನ್ನು ಹತ್ತಿದ್ದು ಸಾರ್ಥಕವಾಯಿತು. ಒಗ್ಗದ ಮಾತಿಗೆ ಕಿವಿಗೊಡಬೇಕು ಎನ್ನುವಾಗ ನನ್ನ ಮನಸ್ಸಿನಲ್ಲಿರುವುದು ಈ ಬಗೆಯ ಕಿವಿ.

ಇದೇ ಕುಟುಂಬದ ಇನ್ನೊಂದು ಗಿಡ ಸರ್ಪಗಂಧ. ಅದರ ಕಥೆಯ ಒಂದು ತುದಿ ಗೋವಾದಲ್ಲಿದೆ, ಇನ್ನೊಂದು ಮುಂಬಯಿಯಲ್ಲಿ. 1534ರಲ್ಲಿ ಗೋವಾಕ್ಕೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ ಇಲ್ಲಿಯ ಪಂಡಿತರನ್ನು ಕೇಳಿ, ತಾನೂ ಪರೀಕ್ಷಿಸಿ, 1563ರಲ್ಲಿ ಗೋವಾದಲ್ಲೇ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಹಾವಿನ ವಿಷಕ್ಕೆ ಬಳಸುವ ‘ಹಾವಿನ ಕಟ್ಟಿಗೆ’ಯ ವಿವರ ಅದರಲ್ಲಿದೆ, ಅದು ಸರ್ಪಗಂಧವೆಂದೇ ಹೆಚ್ಚಿನವರು ಗುರುತಿಸುತ್ತಾರೆ. ಸ್ಪೇನಿನಲ್ಲಿದ್ದಾಗ ಪ್ರಾಚೀನ ವೈದ್ಯಗುರು ಗ್ಯಾಲನ್‌ನ ವಿರುದ್ಧ, ಗ್ರೀಕರ ವಿರುದ್ಧ ತುಟಿ ಬಿಚ್ಚುವ ಧೈರ್ಯ ತನಗಿರಲಿಲ್ಲವೆಂದು ಅವನು ಬರೆದುಕೊಂಡಿದ್ದಾನೆ. ಮುಂಬಯಿ ದ್ವೀಪ ಒಂದಷ್ಟು ಕಾಲ ಅವನ ಗುತ್ತಿಗೆಯಲ್ಲಿತ್ತು. ಅವನ ಬಂಗಲೆ ಇದ್ದದ್ದು ಫೋರ್ಟಿನಲ್ಲಿ, ಈಗಿನ ಏಷ್ಯಾಟಿಕ್ ಲೈಬ್ರರಿಯ ಹಿಂಬದಿಯಲ್ಲಿ. ಯಹೂದಿ ಮೂಲದವನಾದ ಅವನು ಸತ್ತ ಮೇಲೆ, 1580ರಲ್ಲಿ, ಮತದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯಾದ ಗೋವಾದ ಇನ್‌ಕ್ವಿಸಿಷನ್ ಅವನ ಮೂಳೆಗಳನ್ನು ಅಗೆದು ತೆಗೆಸಿ ಸುಟ್ಟಿತು. ಅದು ಮತದ ಜಗಳ, ಮದ್ದಿನದಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಹಾವಿನ ವಿಷಕ್ಕೆ ಸರ್ಪಗಂಧ ಮದ್ದಲ್ಲ. ಬಿಹಾರದ ಕಡೆ ಅದನ್ನು ಹುಚ್ಚಿಗೆ ಕೊಡುತ್ತಿದ್ದರು, ‘ಪಾಗಲ್ ಕೀ ದವಾ’ ಎಂದೇ ಹೆಸರು. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ಬರೆದರು. ಹೊರಗಿನ ಜಗತ್ತು ಕಣ್ಣೆತ್ತಿ ನೋಡಲಿಲ್ಲ. ಆಗ ಬಿಪಿಗೆ ನಂಬಬಹುದಾದ ಮಾತ್ರೆಯೇ ಇರಲಿಲ್ಲ. 1945ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ತೀರಿಕೊಂಡದ್ದು ವಿಪರೀತ ರಕ್ತದೊತ್ತಡದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ. ಲಂಡನ್ನಿನಲ್ಲಿ ಓದಿ ಬಂದ ಮುಂಬಯಿಯ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ ಇತ್ತ ಸರ್ಪಗಂಧವನ್ನು ಬಿಪಿ ರೋಗಿಗಳಿಗೆ ಕೊಟ್ಟು, ಅಳೆದು, ಬರೆದಿಡುತ್ತಿದ್ದರು. 50 ರೋಗಿಗಳ ಅವರ ವರದಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದದ್ದೇ ತಡ, ಜಗತ್ತು ಕಿವಿ ನಿಮಿರಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರೆಸರ್ಪಿನನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಅಡೆಲ್ಫೇನ್ ಮಾತ್ರೆ ನುಂಗುತ್ತಿದ್ದ ಅಜ್ಜ ನಿಮ್ಮ ಮನೆಯಲ್ಲಿದ್ದರೆ ಅವರು ನುಂಗುತ್ತಿದ್ದದ್ದು ಇದನ್ನೇ.

ಕಲ್ಕತ್ತದವರು ಹೇಳಿದ ಗುಣವನ್ನೇ ವಕೀಲರೂ ಹೇಳಿದ್ದು. ಅವರು ಕಾಗದದ ಮೇಲೆ ಇಟ್ಟದ್ದು ಯಾರಿಗೆ ಎಷ್ಟು ಕೊಟ್ಟೆ, ಎಷ್ಟು ವಾರಕ್ಕೆ ಎಷ್ಟು ಇಳಿಯಿತು ಎಂಬ ಲೆಕ್ಕ, ಬೇರೆ ಊರಿನ ಬೇರೆ ಡಾಕ್ಟರ್ ಮಾಡಿ ನೋಡಬಹುದಾದ ಲೆಕ್ಕ. ಅದೇ ಲೆಕ್ಕದ ಪುಸ್ತಕ ಮುಂದೆ ಮದ್ದಿನ ಕೆಡುಕನ್ನೂ ಹೇಳಿತು. ನರಗಳ ಸಂದೇಶ ಒಯ್ಯಲು ನರತುದಿಗಳಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್, ಸೆರೊಟೊನಿನ್, ಡೋಪಮೈನ್‌ಗಳನ್ನು ರೆಸರ್ಪಿನ್ ಬರಿದು ಮಾಡುತ್ತದೆ. ರಕ್ತನಾಳ ಸಡಿಲಾಗುವುದು ಅದರಿಂದಲೇ. ಹೆಚ್ಚು ಡೋಸ್ ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರಿದ ವರದಿಗಳು ಬಂದವು. ಡೋಸ್ ತಗ್ಗಿತು, ಒಳ್ಳೆಯ ಮಾತ್ರೆಗಳು ಬಂದವು, ಸರ್ಪಗಂಧ ಹಿಂದೆ ಸರಿಯಿತು.

ಹೋಗುತ್ತ ಹೋಗುತ್ತ ಅದು ಇನ್ನೊಂದು ಬಾಗಿಲು ತೆರೆಯಿತು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಕಿವಿ ಇಳಿಬಿಟ್ಟು ಬಿದ್ದಲ್ಲೇ ಬಿದ್ದುಕೊಂಡವು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದೊಡನೆ ಎದ್ದು ಓಡಾಡಿದವು. ಡೋಪಮೈನ್ ಖಾಲಿಯಾದರೆ ಚಲನೆಯೇ ನಿಲ್ಲುತ್ತದೆ ಎಂಬ ಈ ಸುಳಿವು ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿಯಾಯಿತು, 2000ದ ನೊಬೆಲ್ ಪ್ರಶಸ್ತಿಗೂ. ಇನ್ನು ಎಲ್-ಡೋಪಾ ಎಲ್ಲಿದೆ ಎಂದರೆ ನಮ್ಮ ಬೇಲಿಯ ನಸುಗುನ್ನಿಯಲ್ಲಿ! ಕಾಯಿಯ ಮೇಲಿನ ರೋಮ ತಾಗಿ ಬಾಲ್ಯದಲ್ಲಿ ಕೆರೆದುಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅದರ ಬೀಜದಲ್ಲಿ ಎಲ್-ಡೋಪಾ ಇದೆಯೆಂದು 1937ರಲ್ಲೇ ಮದರಾಸಿನ ದಾಮೋದರನ್, ರಾಮಸ್ವಾಮಿ ತೋರಿಸಿದ್ದರು, ಆಗ ಅದರ ಉಪಯೋಗ ಯಾರಿಗೂ ಹೊಳೆದಿರಲಿಲ್ಲ. 1970ರ ದಶಕದಲ್ಲಿ ಮುಂಬಯಿಯ ಅಶೋಕ್ ವೈದ್ಯ ಮತ್ತು ಸಂಗಡಿಗರು ಬೀಜದ ಪುಡಿಯನ್ನು ಪಾರ್ಕಿನ್ಸನ್ ರೋಗಿಗಳಲ್ಲಿ ಪರೀಕ್ಷಿಸಿದರು. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಹೋಲಿಕೆಯಲ್ಲಿ ಮಾಮೂಲಿ ಮಾತ್ರೆಗಿಂತ ಬೀಜದ ಪುಡಿ ಬೇಗ ಕೆಲಸ ಶುರುಮಾಡಿತು. ಎಂಟೇ ಜನ, ಅದನ್ನು ಮರೆಯಬಾರದು. ಪುಡಿ ತಿಂದು ಮಾತ್ರೆ ಬಿಡಿ ಎನ್ನುವವರ ಸಹವಾಸವೇ ಬೇಡ. ಪುಡಿಯಲ್ಲಿರುವುದೂ ಅದೇ ಎಲ್-ಡೋಪಾ, ಚೀಟಿಯಲ್ಲಿ ಪ್ರಮಾಣ ಬರೆಯದ ಎಲ್-ಡೋಪಾ.

ಕಣಗಿಲೆ ಬಳಗ ಬಿಟ್ಟು ಅಮೃತಬಳ್ಳಿಗೆ ಬರೋಣ, ಮುಂಬಯಿಗೆ ಅದರಷ್ಟು ಹತ್ತಿರದ ಉದಾಹರಣೆ ಬೇರೆ ಸಿಗದು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಶರದಿನಿ ದಹಾಣೂಕರ್ ಮತ್ತು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತನಾಳ ಕಟ್ಟಿ ಕಾಮಾಲೆಯಾದವರ ಶಸ್ತ್ರಚಿಕಿತ್ಸೆ ತುಂಬಾ ಅಪಾಯದ್ದು, ಅನೇಕರು ನಂಜೇರಿ ಸಾಯುತ್ತಿದ್ದರು. 30 ರೋಗಿಗಳನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಕೊಟ್ಟು, ಒಂದು ಗುಂಪಿಗೆ ಅಮೃತಬಳ್ಳಿಯ ಸಾರವನ್ನೂ ಕೊಟ್ಟರು. ಬರೀ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಬದುಕುಳಿದವರು ಶೇ. 40, ಬಳ್ಳಿ ಸೇರಿದ ಗುಂಪಿನಲ್ಲಿ ಶೇ. 90ಕ್ಕೂ ಹೆಚ್ಚು. ಪುಟ್ಟ ಅಧ್ಯಯನವೇ ಸರಿ, ಆದರೆ ಆಲೋಪಥಿ ಆಸ್ಪತ್ರೆಯೊಳಗೆ ಶಸ್ತ್ರವೈದ್ಯರೂ ಔಷಧಶಾಸ್ತ್ರಜ್ಞರೂ ಕೂತು ಬಳ್ಳಿಯೊಂದಕ್ಕೆ ಅವಕಾಶ ಕೊಟ್ಟಿದ್ದರು.

ಅದೇ ಬಳ್ಳಿ ಕೋವಿಡ್ ಕಾಲದಲ್ಲಿ ಮನೆಮನೆಯ ಮದ್ದಾಯಿತು. ಊರಿಂದ ಬಸ್ಸಿನಲ್ಲಿ ಕಾಂಡ ತರಿಸಿದವರೆಷ್ಟು, ಸೊಸೈಟಿಯ ಕಾಂಪೌಂಡಿನಲ್ಲಿ ಹಬ್ಬಿದ್ದನ್ನು ಮುರಿದು ಕುದಿಸಿದವರೆಷ್ಟು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಂಬಯಿಯ ಯಕೃತ್ ತಜ್ಞರ ಬಳಿ ಆರು ರೋಗಿಗಳು ಬಂದರು, ಎಲ್ಲರಿಗೂ ಯಕೃತ್ತಿಗೆ ಪೆಟ್ಟು. ಎಲ್ಲರೂ ಕುಡಿದದ್ದು ಅಮೃತಬಳ್ಳಿ. ಕೆಲವರ ಯಕೃತ್ತಿನಲ್ಲಿ ಕಂಡದ್ದು ದೇಹದ ರಕ್ಷಣಾ ಪಡೆಯೇ ತಿರುಗಿಬಿದ್ದ ಬಗೆಯ ಉರಿಯೂತ. ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುತ್ತದೆಂದು ಹೊಗಳಿಸಿಕೊಂಡ ಮದ್ದು ಒಳಗೊಳಗೇ ಅಂಥ ಕಾಯಿಲೆಗೆ ಒಲಿದ ದೇಹದಲ್ಲಿ ಅದನ್ನೇ ಬಡಿದೆಬ್ಬಿಸಿದ್ದರೆ ಅಚ್ಚರಿಯಿಲ್ಲ. 2021ರಲ್ಲಿ ವರದಿ ಬಂದೊಡನೆ ಆಯುಷ್ ಸಚಿವಾಲಯ ಆಕ್ಷೇಪಿಸಿತು, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದೆಂದಿತು. ಬಳ್ಳಿಯ ಗುರುತು ಕೇಳುವುದು ನ್ಯಾಯವೇ. ಆದರೆ ಜನ ಮನೆಯಲ್ಲಿ ಕುದಿಸುವಾಗ ಯಾವ ಸಸ್ಯಶಾಸ್ತ್ರಜ್ಞ ಪಕ್ಕದಲ್ಲಿರುತ್ತಾನೆ? ಆಮೇಲೆ ದೇಶದ ಬೇರೆ ಊರುಗಳ ಆಸ್ಪತ್ರೆಗಳಿಂದಲೂ ಇಂಥ ರೋಗಿಗಳ ವರದಿ ಬಂತು. ನನಗೆ 1993ರ ಅಧ್ಯಯನವೂ ಬೇಕು, 2021ರ ವರದಿಯೂ ಬೇಕು. ಒಂದನ್ನು ಮಾತ್ರ ಹಂಚಿಕೊಳ್ಳುವವರು ಎರಡೂ ಪಾಳಯದಲ್ಲಿ ಧಾರಾಳವಾಗಿದ್ದಾರೆ.

ಮಾತು ಗಿಡಕ್ಕೇ ಸೀಮಿತವಲ್ಲ. ಭಗಂದರಕ್ಕೆ, ಅಂದರೆ ಗುದದ್ವಾರದ ಬಳಿ ನಾಳದಂತೆ ಕೊರೆಯುವ ಹುಣ್ಣಿಗೆ, ಕಟ್ಟುವ ಕ್ಷಾರಸೂತ್ರ ಒಂದು ದಾರ. ಕಳ್ಳಿಯ ಹಾಲನ್ನು 11 ಸಲ ಲೇಪಿಸಿ ಒಣಗಿಸಿ, ಕಳ್ಳಿ ಹಾಲಿನ ಜೊತೆ ಉತ್ತರಣೆಯ ಕ್ಷಾರವನ್ನು 7 ಸಲ, ಅರಿಶಿನವನ್ನು 3 ಸಲ, ಹೀಗೆ 21 ಲೇಪ. ಹುಣ್ಣಿನ ನಾಳದೊಳಗೆ ಅದನ್ನು ಪೋಣಿಸಿ ಕಟ್ಟಿ ವಾರಕ್ಕೊಮ್ಮೆ ಬದಲಿಸಿದರೆ ನಿಧಾನವಾಗಿ ಕತ್ತರಿಸುತ್ತ, ಮಾಯಿಸುತ್ತ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಆಸ್ಪತ್ರೆಗಳಲ್ಲಿ ಇದನ್ನು ಶಸ್ತ್ರಚಿಕಿತ್ಸೆಯ ಎದುರು ನಿಲ್ಲಿಸಿತು. 1991ರ ಫಲಿತಾಂಶ: ದಾರದಲ್ಲಿ ಗಾಯ ಮಾಯಲು ಎರಡು ಪಟ್ಟು ಸಮಯ, ಆದರೆ ಮರುಕಳಿಸುವುದು ಶಸ್ತ್ರಚಿಕಿತ್ಸೆಗಿಂತ ಕಡಿಮೆ. ರಜೆ ಇಲ್ಲದವನು ಒಂದನ್ನು ಆರಿಸಿಕೊಳ್ಳಲಿ, ಮತ್ತೆ ಮತ್ತೆ ನರಳಿದವನು ಇನ್ನೊಂದನ್ನು. ರೋಗಿಗೆ ಬೇಕಾದದ್ದು ಇಂಥ ಉತ್ತರ.

ಹೋಮಿಯೋಪಥಿಗೂ ಹೀಗೇ ಬಾಗಿಲು ತೆರೆದಿಡಬೇಕೇ ಎಂದು ಕೇಳುವವರಿದ್ದಾರೆ. ತೆರೆದಿತ್ತು, ನೋಡಿದ್ದೂ ಆಯಿತು. ಅದರ ಮದ್ದಿನ ಮೇಲೆ ಬರೆಯುವ 30ಸಿ ಎಂದರೆ ನೂರರಲ್ಲೊಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದ್ದು. ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಮಂಡಳಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಯಾವ ಕಾಯಿಲೆಯಲ್ಲೂ ಅದು ಫಲ ಕೊಡುವುದಕ್ಕೆ ನಂಬಲರ್ಹ ಪುರಾವೆ ಇಲ್ಲವೆಂದಿತು. ಲೋಕಲ್ ಟ್ರೇನಿನ ಬೋಗಿಯಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಕಿತ್ತುಹಾಕುತ್ತೇವೆ ಎಂಬ ಚೀಟಿಗಳ ಬಗ್ಗೆಯಂತೂ ಚರ್ಚೆಯೇ ಬೇಡ, ಮದ್ದಿನ ಆಕ್ಷೇಪಾರ್ಹ ಜಾಹೀರಾತು ತಡೆಯುವ 1954ರ ಕಾಯಿದೆಯ ಪ್ರಕಾರ ಅಂಥ ಜಾಹೀರಾತೇ ಅಪರಾಧ.

ನಿಜವಾಗಿ ಮುಚ್ಚಿರುವ ಬಾಗಿಲು ಡಾಕ್ಟರ ಕೋಣೆಯದು. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಅವರು ಕೇಳುವುದಿಲ್ಲ, ಕೇಳಿದರೂ ಬೈಗುಳಕ್ಕೆ ಹೆದರಿ ನಮ್ಮವರು ಬಾಯಿ ಬಿಡುವುದಿಲ್ಲ. ಕಷಾಯ ಮದ್ದೇ ಅಲ್ಲ, ಅಡುಗೆಮನೆಯದು ಎಂಬ ಭಾವನೆ ಬೇರೆ. ಮುಂದಿನ ಸಲ ಹೋಗುವಾಗ ಪುಡಿಯ ಡಬ್ಬಿಯನ್ನೋ ಬಳ್ಳಿಯ ತುಂಡನ್ನೋ ಕೈಯಲ್ಲೇ ಹಿಡಿದು ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂದು ಬರೆದುಕೊಂಡಿರಿ. ಡಾಕ್ಟರ್ ಗೊಣಗಿದರೆ ಗೊಣಗಲಿ. ಯಾವುದೇ ಮದ್ದಿನಿಂದ ತೊಂದರೆಯಾದರೆ ಅದನ್ನು ಸರ್ಕಾರದ ಔಷಧ ನಿಗಾ ವ್ಯವಸ್ಥೆಗೆ ರೋಗಿಯೇ ತಿಳಿಸಬಹುದು, ಅದರ ಫಾರಂ ಕನ್ನಡದಲ್ಲೂ ಸಿಗುತ್ತದೆ.