ಥಾಯ್ಲೆಂಡಿನ ಸುಕಿ ಸಪ್ಪೆಯೇ?

ಪ್ರಶ್ನೆ: ಬ್ಯಾಂಕಾಕ್‌ಗೆ ಹೋಗಿಬಂದ ನೆಂಟರು, ಅಲ್ಲಿನ ಸುಕಿ ಹೋಟೆಲಿನಲ್ಲಿ ಬರೀ ಬಿಸಿನೀರಿನಲ್ಲಿ ಸೊಪ್ಪು, ಮಾಂಸ ಬೇಯಿಸಿಕೊಂಡು ತಿಂದೆವು, ಸಪ್ಪೆಯಾಗಿತ್ತು ಎನ್ನುತ್ತಾರೆ. ಅಲ್ಲಿನ ಜನ ಮಾತ್ರ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಅದನ್ನೇ ಇಷ್ಟಪಟ್ಟು ತಿನ್ನುತ್ತಾರಂತೆ. ಹೇಗೆ ತಿಂದರೆ ಅದರ ರುಚಿ ಸಿಗುತ್ತದೆ? ನಮ್ಮ ಜೊತೆಯಲ್ಲಿ ಇಬ್ಬರು ಸಸ್ಯಾಹಾರಿಗಳೂ ಇರುತ್ತಾರೆ.

ಉತ್ತರ: ನಿಮ್ಮ ನೆಂಟರು ಹೇಳಿದ್ದು ಸುಳ್ಳಲ್ಲ. ಸುಕಿಯ ಪಾತ್ರೆಯಲ್ಲಿ ಮೊದಲಿಗೆ ಇರುವುದು ಬಹಳ ಮೃದುವಾದ ತಿಳಿಸಾರು, ಅದಕ್ಕೆ ಉಪ್ಪು, ಖಾರ ಹೆಚ್ಚಿರುವುದಿಲ್ಲ. ಊಟದ ರುಚಿಯೆಲ್ಲ ಪಕ್ಕದ ಪುಟ್ಟ ಬಟ್ಟಲಿನ ಸಾಸಿನಲ್ಲಿ ಮತ್ತು ಯಾವುದನ್ನು ಯಾವಾಗ ಪಾತ್ರೆಗೆ ಹಾಕುತ್ತೇವೆ ಎಂಬುದರಲ್ಲಿ ಇದೆ. ಈ ಎರಡನ್ನು ಕಡೆಗಣಿಸಿದರೆ ಬೇಯಿಸಿದ ಎಲೆಕೋಸಷ್ಟೇ ಉಳಿಯುತ್ತದೆ.

ಹೆಸರಿನಿಂದ ಮೋಸಹೋಗಬಾರದು. ಜಪಾನಿನ ಸುಕಿಯಾಕಿಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಗೋಮಾಂಸವನ್ನು ಸೋಯಾ ಸಾಸ್ ಮತ್ತು ಸಕ್ಕರೆಯೊಂದಿಗೆ ಬೇಯಿಸಿ, ಹಸಿ ಮೊಟ್ಟೆಯಲ್ಲಿ ಅದ್ದಿ ತಿನ್ನುತ್ತಾರೆ. ಥಾಯ್ಲೆಂಡಿನ ಸುಕಿ ಅಲ್ಲಿಂದ ಹೆಸರನ್ನು ಮಾತ್ರ ಪಡೆದಿದೆ, ಅದರ ಪದ್ಧತಿ ಆ ದೇಶದಲ್ಲಿ ನೆಲೆಸಿದ ಚೀನೀ ಕುಟುಂಬಗಳ ಹಾಟ್‌ಪಾಟ್‌ನದು, ಅಂದರೆ ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತಾವೇ ಬೇಯಿಸಿಕೊಂಡು ತಿನ್ನುವ ಊಟದ್ದು. 1957ರಲ್ಲಿ ಬ್ಯಾಂಕಾಕ್‌ನಲ್ಲಿ ಆರಂಭವಾದ ಕೋಕಾ ಹೋಟೆಲ್ ಈ ಊಟಕ್ಕೆ ಹೆಸರು ತಂದುಕೊಟ್ಟಿತು, 1986ರಲ್ಲಿ ಸೆಂಟ್ರಲ್ ಲಾಡ್‌ಪ್ರಾವ್ ಮಾಲ್‌ನಲ್ಲಿ ಎಂಕೆ ತೆರೆದ ಸುಕಿ ಹೋಟೆಲ್ ಅದನ್ನು ದೇಶದ ಮಾಲ್‌ಗಳಿಗೆಲ್ಲ ಕೊಂಡೊಯ್ಯಿತು. ಇತ್ತೀಚಿನ ವರ್ಷಗಳಲ್ಲಿ ಸುಕಿ ತೀನೊಯ್ ಎಂಬ ಹೋಟೆಲ್ ಸರಣಿ, ಕಡಿಮೆ ದರದ ಬಫೆಯಿಂದಾಗಿ, ವಿದ್ಯಾರ್ಥಿಗಳಿಗೂ ಪಾಳಿ ಮುಗಿಸಿ ಬರುವ ಕೆಲಸಗಾರರಿಗೂ ನಡುರಾತ್ರಿಯ ಊಟದ ಜಾಗವಾಗಿದೆ.

ಇನ್ನು ಸಾಸಿನ ವಿಚಾರ. ನಾಮ್ ಚಿಮ್ ಸುಕಿ ಎಂದು ಕರೆಯುವ ಈ ಸಾಸ್ ಕೆಂಪಗೆ, ತುಸು ಗಟ್ಟಿಯಾಗಿ, ಮೇಲೆ ಎಳ್ಳು ತೇಲಿಸಿಕೊಂಡು ಬರುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಎಳ್ಳಿನ ಎಣ್ಣೆ, ಕೊತ್ತಂಬರಿ ಸೊಪ್ಪು ಇದರಲ್ಲಿರುತ್ತವೆ, ಕೆಲವೆಡೆ ತಾವ್ ಹೂ ಯೀ ಎಂಬ ಹುದುಗಿಸಿದ ತೋಫು ಸೇರಿ ಉಪ್ಪಾದ, ಗಾಢವಾದ ವಾಸನೆ ಕೊಡುತ್ತದೆ. ಇದನ್ನು ತಂದಿಟ್ಟ ಹಾಗೆಯೇ ತಿನ್ನುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಜೊತೆಯಲ್ಲಿ ಕೊಚ್ಚಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹೋಳುಗಳು ಸಿಗುತ್ತವೆ. ಮೊದಲು ನಿಂಬೆ ಹಿಂಡಿ, ಬೆಳ್ಳುಳ್ಳಿ ಕಲಸಿ, ನಾಲಿಗೆಯ ತುದಿಗೆ ಹಚ್ಚಿ ನೋಡಿ ಮೆಣಸಿನಕಾಯಿ ಸೇರಿಸಬೇಕು. ಉಪ್ಪಿನಕಾಯಿ, ಗೊಜ್ಜುಗಳಲ್ಲಿ ಬೆಳೆದ ನಮ್ಮ ನಾಲಿಗೆಗೆ ನಿಂಬೆ ಬಿದ್ದ ಕ್ಷಣದಲ್ಲಿ ಆ ಸಾಸಿನ ಸಿಹಿ ಹಿಂದೆ ಸರಿದು ಹುಳಿ, ಖಾರ ಮುಂದೆ ಬರುವುದು ತಕ್ಷಣ ಗೊತ್ತಾಗುತ್ತದೆ. ಸಾಸ್ ಮುಗಿದರೆ ಮತ್ತೆ ಕೇಳುವುದರಲ್ಲಿ ಸಂಕೋಚ ಬೇಡ, ಅಲ್ಲಿನವರು ಎರಡು ಮೂರು ಬಾರಿ ತರಿಸಿಕೊಳ್ಳುತ್ತಾರೆ.

ಬೇಯಿಸುವ ಕ್ರಮವನ್ನು ನಾನು ಕಲಿತದ್ದು ಪಕ್ಕದ ಮೇಜಿನ ಅಜ್ಜಿಯೊಬ್ಬರನ್ನು ನೋಡಿ. ಅವರು ಚೀನಾ ಎಲೆಕೋಸಿನ ಎಲೆಗಳನ್ನು ಕೈಯಿಂದಲೇ ಎರಡಾಗಿ ಮುರಿದು, ಬಿಳಿಯ ದಂಟಿನ ಭಾಗವನ್ನು ಮೊದಲು ಕುದಿಯುವ ಸಾರಿಗೆ ಬಿಟ್ಟರು, ಹಸಿರು ತುದಿಯನ್ನು ತಟ್ಟೆಯ ಅಂಚಿನಲ್ಲಿ ಉಳಿಸಿಕೊಂಡರು. ಬಳಿಕ ಸಣ್ಣ ಬಟ್ಟಲಿನಲ್ಲಿದ್ದ ಮಾಂಸದ ತೆಳುಹೋಳುಗಳ ಮೇಲೆ ಮೊಟ್ಟೆ ಒಡೆದು ಚೆನ್ನಾಗಿ ಕಲಸಿ, ಒಂದೊಂದಾಗಿ ಬಿಡುತ್ತ ಹೋದರು. ಮೊಟ್ಟೆಯ ಪದರ ಸುತ್ತಿಕೊಂಡ ಹೋಳು ಬೆಂದ ಮೇಲೂ ಮೆತ್ತಗಿರುತ್ತದೆ. ದಂಟು, ಮೀನಿನ ಉಂಡೆ, ಅಣಬೆಗಳು ಮೊದಲು, ಮಾಂಸ ಆಮೇಲೆ, ಟೊಳ್ಳು ದಂಟಿನ ಪಕ್ ಬುಂಗ್ ಸೊಪ್ಪು ಕೊನೆಯಲ್ಲಿ. ಹೆಸರುಕಾಳಿನ ಪಿಷ್ಟದಿಂದ ಮಾಡಿದ ಪಾರದರ್ಶಕ ಶ್ಯಾವಿಗೆ ಸಾರನ್ನೆಲ್ಲ ಹೀರಿಕೊಳ್ಳುವುದರಿಂದ ಅದನ್ನು ಹಾಕಿ ಮರೆತು ಕುಳಿತರೆ ಪಾತ್ರೆ ಬತ್ತುತ್ತದೆ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಕುದಿ ನಿಂತುಹೋಗಿ ಯಾವುದೂ ಸರಿಯಾಗಿ ಬೇಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಹಸಿ ಹಂದಿಮಾಂಸ ಮುಟ್ಟಿದ ಚಾಪ್‌ಸ್ಟಿಕ್ಕನ್ನು ಬಾಯಿಗೆ ಇಡಬಾರದು. ಸ್ಟ್ರೆಪ್ಟೊಕಾಕಸ್ ಸೂಯಿಸ್ ಎಂಬ ರೋಗಾಣು ಹಸಿ ಅಥವಾ ಅರೆಬೆಂದ ಹಂದಿಮಾಂಸದಿಂದ ಹರಡಿ ಮಿದುಳುಪೊರೆಯ ಉರಿಯೂತವನ್ನೂ ಶಾಶ್ವತ ಕಿವುಡನ್ನೂ ತಂದ ಪ್ರಕರಣಗಳು ಥಾಯ್ಲೆಂಡಿನಲ್ಲಿ ದಾಖಲಾಗಿವೆ. ಹಸಿಯದಕ್ಕೆ ಒಂದು ಇಕ್ಕಳ, ಬೆಂದದ್ದಕ್ಕೆ ಜಾಲರಿ ಸೌಟು ಎಂದು ಮೊದಲೇ ಬೇರೆ ಮಾಡಿಟ್ಟುಕೊಳ್ಳಿ, ಮಕ್ಕಳಿದ್ದರೆ ಬೇಯಿಸುವ ಕೆಲಸ ದೊಡ್ಡವರದೇ ಆಗಿರಲಿ.

ಬಿಲ್ಲಿನ ಬಗ್ಗೆ ಎರಡು ಮಾತು. ಫಲಕದ ದರದ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಸೇವಾಶುಲ್ಕವೂ ಶೇ 7ರ ತೆರಿಗೆಯೂ ಬೇರೆ ಎಂದು ತಿಳಿಯಬೇಕು, ಪಾನೀಯದ ಹಣವೂ ಹಲವೆಡೆ ಪ್ರತ್ಯೇಕ. ಬಫೆಗೆ ಸಮಯದ ಮಿತಿ ಇರುತ್ತದೆ, ತಟ್ಟೆಯಲ್ಲಿ ಉಳಿಸಿದರೆ ದಂಡ ಹಾಕುವ ಕಡೆಗಳೂ ಇವೆ, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿಯೇ ತರಿಸಿಕೊಳ್ಳಿ.

ನಿಮ್ಮ ಸಸ್ಯಾಹಾರಿಗಳು ಸೊಪ್ಪು, ತೋಫು, ಅಣಬೆ, ಮೆಕ್ಕೆಜೋಳ, ಶ್ಯಾವಿಗೆಗಳಿಂದ ಹೊಟ್ಟೆತುಂಬ ಉಣ್ಣಬಹುದು, ಆದರೆ ಅದಕ್ಕೆ ಮುನ್ನ ಎರಡು ವಿಚಾರಣೆ ಅಗತ್ಯ. ಸಾರು ಸಾಮಾನ್ಯವಾಗಿ ಹಂದಿ ಅಥವಾ ಕೋಳಿಯ ಮೂಳೆಯದು, ಬದಲಿಗೆ ಬರಿಯ ನೀರು ಬೇಕೆಂದರೆ ನಾಮ್ ಪ್ಲಾವ್ ಎನ್ನಬೇಕು. ಸಾಸಿನಲ್ಲಿ ಮೀನಿನ ಅಥವಾ ಸಿಂಪಿಯ ಅಂಶ ಇದೆಯೇ ಎಂದೂ ಕೇಳಬೇಕು. ಒಂದೇ ಪಾತ್ರೆಯನ್ನು ಮಾಂಸಾಹಾರಿಗಳೊಂದಿಗೆ ಹಂಚಿಕೊಳ್ಳದೆ, ಎರಡು ಭಾಗದ ಪಾತ್ರೆಯಿದ್ದರೆ ಅದನ್ನು, ಇಲ್ಲವಾದರೆ ಬೇರೆ ಮೇಜನ್ನು ಕೇಳುವುದೇ ನನ್ನ ಸಲಹೆ. ಮಾಂಗ್ಸಾವಿರಾತ್ ಎಂದರೆ ಸಸ್ಯಾಹಾರ, ಆದರೆ ಅದರಲ್ಲಿ ಮೊಟ್ಟೆ ಬರಬಹುದು. ಜೇ ಎಂದರೆ ಮೊಟ್ಟೆ, ಹಾಲು, ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲದ ಕಟ್ಟುನಿಟ್ಟಿನ ಊಟ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವ ಒಂಬತ್ತು ದಿನಗಳ ಜೇ ಹಬ್ಬದ ಸಮಯಕ್ಕೆ ಹೋದರೆ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳಲ್ಲಿ ಇಂಥ ಊಟ ಸುಲಭವಾಗಿ ಸಿಗುತ್ತದೆ.

ಊಟ ಮುಗಿಯಿತೆಂದು ಒಲೆ ಆರಿಸಬೇಡಿ. ಆ ಹೊತ್ತಿಗೆ ಸಪ್ಪೆಯಾಗಿದ್ದ ಸಾರಿಗೆ ಮಾಂಸ, ಸೊಪ್ಪು, ಅಣಬೆಗಳ ಸತ್ವವೆಲ್ಲ ಇಳಿದಿರುತ್ತದೆ. ಅದರಲ್ಲಿ ಒಂದು ಬಟ್ಟಲು ಅನ್ನ ಹಾಕಿ, ಮೊಟ್ಟೆ ಕದಡಿ, ಗಂಜಿಯ ಹದಕ್ಕೆ ಬಂದಾಗ ಕೊತ್ತಂಬರಿ ಉದುರಿಸಿ, ಉಳಿದ ಸಾಸಿನೊಂದಿಗೆ ಬಡಿಸಿಕೊಳ್ಳಿ.